ಸೊನ್ನೆಯ ಬಿಲ್ಲೆ

ಸತ್ತಿದೆ ಎಂದು ಸರಕಾರಿ ಮೊಹರು ಬಿದ್ದಿದ್ದ ಜೋಳ ಮೊಳಕೆಯೊಡೆದು, ತಗಡಿನ ತಟ್ಟೆಯೊಂದರಲ್ಲಿ ಹಸಿರಾಗಿ ಜಗದೇವಿಯ ಮೇಜಿಗೆ ಬಂದಾಗ ಗುರುವಾರ ಬೆಳಿಗ್ಗೆ ಹನ್ನೊಂದೂವರೆ ಗಂಟೆ. ತಟ್ಟೆ ತಂದವನು ಬೀದರಿನ ಗಂಜ್ ಮಾರುಕಟ್ಟೆಯಲ್ಲಿ ಬೀಜದ ಅಂಗಡಿ ಇಟ್ಟಿರುವ ಬಂಡೆಪ್ಪ. ಜಗಳಕ್ಕೆಂದೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಹೋದ ವಾರ ಇದೇ ಜೀವಮಾಪನ ಕೇಂದ್ರ ಅವನ ಹಳೆಯ ದಾಸ್ತಾನಿಗೆ ಸೊನ್ನೆ ಎಂದು ಚೀಟಿ ಕೊಟ್ಟಿತ್ತು. ಚೀಟಿಯ ಕೆಳಗೆ ಜಗದೇವಿಯ ಸಹಿ ಇತ್ತು.

“ನೀವು ಸತ್ತಾವ ಅಂತ ಬರ್ದು ಕೊಟ್ಟೀರಿ,” ಎಂದ ಬಂಡೆಪ್ಪ. “ನನ್ನ ಹೆಂಡ್ತಿ ಕೋಳಿಗಿ ಹಾಕ್ಲಾಕ ನೆನಸಿಟ್ಟಿದ್ಳು. ಈಗ ಇವಕ್ಕ ಏನಂತೀರಿ?”

ಬೇರೆ ದಿನವಾಗಿದ್ದರೆ ಜಗದೇವಿ ನಕ್ಕು, ಚಹಾ ತರಿಸಿ, ಚೀಟಿ ಅದಲುಬದಲಾಗಿರಬೇಕು ಎಂದು ಅವನನ್ನು ಸಮಾಧಾನ ಮಾಡಿ ಕಳಿಸುತ್ತಿದ್ದಳು. ಆವತ್ತು ಅವಳಿಗೆ ನಗುವ ಶಕ್ತಿ ಇರಲಿಲ್ಲ. ಅವಳ ಗಂಡ ಮಾಣಿಕಪ್ಪ ಲೈನ್‌ಮನ್. ಹನ್ನೆರಡು ದಿನದ ಹಿಂದೆ ಕಂಬದಿಂದ ಬಿದ್ದವನು ಇನ್ನೂ ಕಣ್ಣು ತೆರೆದಿರಲಿಲ್ಲ. ಮಂಗಳವಾರ ಜೀವಮಾಪಕದಲ್ಲಿ ಅವನಿಗೆ ಸೊನ್ನೆ ಬಂತು, ಬುಧವಾರ ಸೊನ್ನೆ ಬಂತು, ಇವತ್ತು ಬೆಳಿಗ್ಗೆಯೂ ಸೊನ್ನೆಯೇ ಬಂತು. ಮೂರು ದಿನ ಸೊನ್ನೆ ಬಂದರೆ ಆ ದೇಹ ನಿರ್ಜೀವ ವಸ್ತು, ನಿರ್ಜೀವ ವಸ್ತುವಿಗೆ ಉಸಿರಾಟದ ಯಂತ್ರ ಕೊಡುವಂತಿಲ್ಲ ಎಂದು ಕಾನೂನಿದೆ. ಹೆಂಡತಿಯ ಒಪ್ಪಿಗೆಯನ್ನು ಕೂಡ ಅದು ಕೇಳುವುದಿಲ್ಲ. ಸಂಜೆ ನಾಲ್ಕಕ್ಕೆ ಯಂತ್ರ ಕಳಚಿ, ಕಾಯುತ್ತಿರುವ ಇನ್ನೊಬ್ಬ ರೋಗಿಗೆ ಕೊಡುವುದೆಂದು ತೀರ್ಮಾನವಾಗಿತ್ತು. ನಾಲ್ಕರವರೆಗೆ ಗಡಿಯಾರ ನೋಡುತ್ತ ಕೂರಲಾರದೆ ಅವಳು ಕಚೇರಿಗೆ ಬಂದಿದ್ದಳು.

ಆಸ್ಪತ್ರೆಯಲ್ಲಿ ಅವಳ ಜೊತೆ ಕೂತವರೆಂದರೆ ಮಿಷನ್ ಶಾಲೆಯಲ್ಲಿ ಅಡುಗೆ ಮಾಡುವ ಎಸ್ತರಮ್ಮ. ಅವರ ಮಗಳು ರೂತ್ ಪಕ್ಕದ ಹಾಸಿಗೆಯಲ್ಲಿದ್ದಳು. ಇಪ್ಪತ್ತಾರು ವರ್ಷ, ಮಿದುಳಿನ ಜ್ವರ. ಹನ್ನೆರಡು ದಿನ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಒಂದೇ ಡಬ್ಬಿಯಲ್ಲಿ ಉಂಡಿದ್ದರು. ಆ ಬೆಳಿಗ್ಗೆ ಹತ್ತಕ್ಕೆ ರೂತಳ ಯಂತ್ರ ಕಳಚಿದರು. ಆಗ ಎಸ್ತರಮ್ಮನ ಭುಜ ಹಿಡಿದು ನಿಂತಿದ್ದವಳು ಜಗದೇವಿ.

ಮಾಪಕ ಬಂದು ಆರು ವರ್ಷವಾಗಿತ್ತು. ಅದಕ್ಕೆ ಮೊದಲು ಜೀವ ಎಂದರೇನು ಎಂದು ಕೇಳಿದರೆ ಶಾಲೆಯ ಮಕ್ಕಳು ಬೆಳೆಯುತ್ತದೆ, ಉಸಿರಾಡುತ್ತದೆ, ಮರಿ ಹಾಕುತ್ತದೆ ಎಂದು ಬಾಯಿಪಾಠ ಒಪ್ಪಿಸುತ್ತಿದ್ದರು. ಬೆಂಕಿಯೂ ಬೆಳೆಯುತ್ತದಲ್ಲ, ಹೇಸರಗತ್ತೆ ಮರಿ ಹಾಕುವುದಿಲ್ಲವಲ್ಲ ಎಂದು ಕೇಳಿದ ಮಗುವನ್ನು ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮಾಪಕ ಈ ರಗಳೆಯನ್ನೆಲ್ಲ ಒಂದು ಅಂಕಿಗೆ ಇಳಿಸಿತು. ಅದರ ಒಂದು ತಂತಿಯ ತುದಿಯನ್ನು ಪರೀಕ್ಷಿಸಬೇಕಾದ ವಸ್ತುವಿಗೂ ಇನ್ನೊಂದನ್ನು ಒಂದು ಲೋಹದ ಬಿಲ್ಲೆಗೂ ಹಚ್ಚಬೇಕು. ಯಂತ್ರ ಎರಡಕ್ಕೂ ಒಂದೇ ಅಳತೆಯ ಚಿಟಿಕೆ ಬಿಸಿ ಕೊಡುತ್ತದೆ. ಕಲ್ಲಾದರೆ ಸುಮ್ಮನೆ ಆರುತ್ತದೆ. ಜೀವ ಇರುವುದು ಸುಮ್ಮನಿರುವುದಿಲ್ಲ. ತನ್ನನ್ನು ಯಾರೋ ತಳ್ಳಿದರು ಎಂದು ಗೊತ್ತಾಗಿ, ತಾನಿದ್ದ ಸ್ಥಿತಿಗೆ ಮರಳಲು ಹೆಣಗುತ್ತದೆ. ದೇಹದ ಬಿಡಿ ಬಿಡಿ ಕೋಶಗಳ ಗದ್ದಲವನ್ನು ಬದಿಗಿಟ್ಟು, ಇಡೀ ಜೀವ ಒಂದಾಗಿ ಎಷ್ಟು ಹೆಣಗುತ್ತಿದೆ ಎಂಬುದನ್ನು ಯಂತ್ರ ಬಿಲ್ಲೆಗೆ ಹೋಲಿಸಿ ತೋರಿಸುತ್ತದೆ. ಬಿಲ್ಲೆಯೇ ಸೊನ್ನೆ. ಎಚ್ಚರವಿರುವ ಮನುಷ್ಯ ನೂರು, ನಿದ್ದೆಯಲ್ಲಿರುವವನು ತೊಂಬತ್ತು, ಒಳ್ಳೆಯ ಮೊಸರು ನಲವತ್ತು.

ಜನ ಬೇಗ ಹೊಂದಿಕೊಂಡರು. ಹೂವಿನವರು ಎಪ್ಪತ್ತರ ಮಲ್ಲಿಗೆ, ಅರವತ್ತರ ಸೇವಂತಿಗೆ ಎಂದು ಕೂಗಲು ಕಲಿತರು. ಮೊಸರಿನ ಡಬ್ಬಿಯ ಮೇಲೆ ಅಂಕಿ ಬಂತು. ಗುಡಿ, ದರ್ಗಾ, ಚರ್ಚುಗಳ ಒಳಗೆ ಮಾಪಕ ತರಬಾರದೆಂದು ಮೂರೂ ಕಡೆಯವರು ಒಂದೇ ದಿನ ಬೋರ್ಡು ಹಾಕಿದರು. ಬೀದರಿನಲ್ಲಿ ಅಂಥ ಒಗ್ಗಟ್ಟನ್ನು ಯಾರೂ ಕಂಡಿರಲಿಲ್ಲ. ಆಸ್ಪತ್ರೆಗಳಲ್ಲಂತೂ ಹಳೆಯ ತಕರಾರುಗಳೆಲ್ಲ ನಿಂತುಹೋದವು. ಇನ್ನೂ ಇದ್ದಾನೋ ಇಲ್ಲವೋ ಎಂದು ಡಾಕ್ಟರರ ಕಾಲು ಹಿಡಿಯುವ ಕಾಲ ಹೋಗಿ, ಅಂಕಿ ನೋಡಿ ಅತ್ತು ಮನೆಗೆ ಹೋಗುವ ಕಾಲ ಬಂತು. ಒಪ್ಪದವರಿಗೆ ತಿಳಿಹೇಳಲು ಜಗದೇವಿಯನ್ನೇ ಕರೆಸುತ್ತಿದ್ದರು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಅವಳು ಎಷ್ಟು ಮನೆಯವರಿಗೆ ಹೇಳಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ.

ಬಂಡೆಪ್ಪನನ್ನು ಹೊರಗೆ ಕೂರಿಸಿ ಅವಳು ಚೀಲದಲ್ಲಿ ಉಳಿದಿದ್ದ ಒಣ ಜೋಳಕ್ಕೆ ತಂತಿ ಹಚ್ಚಿದಳು. ಸೊನ್ನೆ. ಬೇರೆ ಮಾಪಕ ತಂದಳು. ಅದರಲ್ಲೂ ಸೊನ್ನೆ. ಅದೇ ಚೀಲದ ಕಾಳು ತಟ್ಟೆಯಲ್ಲಿ ಎರಡು ಬೆರಳುದ್ದ ಎದ್ದು ನಿಂತಿತ್ತು. ಸತ್ತದ್ದು ನೀರು ಕುಡಿದು ಎದ್ದು ಕೂರುವುದಿಲ್ಲ. ಹಾಗಿದ್ದರೆ ಕಾಳಿನೊಳಗೆ ಜೀವ ಇದ್ದಾಗಲೇ ಯಂತ್ರ ಇಲ್ಲ ಎಂದಿದೆ. ಯಂತ್ರ ತಾನಾಗಿ ಏನನ್ನೂ ಹೇಳುವುದಿಲ್ಲ, ಬಿಲ್ಲೆಗೆ ಹೋಲಿಸಿ ಹೇಳುತ್ತದೆ. ಜಗದೇವಿ ಬಿಲ್ಲೆಯನ್ನು ಹೊರತೆಗೆದು ಅಂಗೈ ಮೇಲಿಟ್ಟುಕೊಂಡು ನೋಡಿದಳು.

ಆ ಬಿಲ್ಲೆ ಅವಳ ಅಪ್ಪನ ಕೈಕೆಲಸ. ಸತುವಿಗೆ ತುಸು ತಾಮ್ರ ಬೆರೆಸಿ ಎರೆದು, ಬಿದರಿ ಹೂಜಿಗಳಿಗೆ ಮಾಡುವ ಹಾಗೆಯೇ ಕೋಟೆಯ ಮಣ್ಣಿನ ಕುದಿನೀರಿನಲ್ಲಿ ಅದ್ದಿ ಕಪ್ಪು ಮಾಡಿದ್ದು. ಅಷ್ಟು ಸಮನಾದ ಕಪ್ಪು ಬಿಸಿಯನ್ನೂ ಸಮನಾಗಿ ಬಿಡುತ್ತದೆ ಎಂದು ದೊಡ್ಡ ಸಮಿತಿಯೊಂದು ಕಂಡುಹಿಡಿದು, ದೇಶದ ಎಲ್ಲ ಮಾಪಕಗಳಿಗೂ ಬಿದರಿ ಬಿಲ್ಲೆಯೇ ಇರಲಿ ಎಂದಿತ್ತು. ಶರತ್ತು ಒಂದೇ. ಮಣ್ಣಿನಲ್ಲಿ ಯಾವ ಜೀವಾಣುವೂ ಉಳಿಯದಂತೆ ಅದನ್ನು ಆರು ಗಂಟೆ ಭಟ್ಟಿಯಲ್ಲಿ ಕೆಂಪಗೆ ಸುಟ್ಟಿರಬೇಕು.

ಅವಳು ಒಂದು ಬಿಲ್ಲೆಯನ್ನು ಪ್ರಯೋಗಶಾಲೆಯ ಒಲೆಯಲ್ಲಿಟ್ಟು ಮುನ್ನೂರು ಡಿಗ್ರಿಯವರೆಗೆ ಕಾಯಿಸಿದಳು. ಆರಿದ ಮೇಲೆ ಅದನ್ನು ಸೊನ್ನೆಯ ಜಾಗದಲ್ಲಿಟ್ಟು, ಸುಡದ ಇನ್ನೊಂದು ಬಿಲ್ಲೆಯನ್ನು ರೋಗಿಯ ಜಾಗದಲ್ಲಿಟ್ಟಳು. ಪರದೆಯ ಮೇಲೆ ಒಂಬತ್ತು ಬಂತು. ಆಮೇಲೆ ಹದಿಮೂರು, ಮತ್ತೆ ಐದು. ಸುಟ್ಟ ಬಿಲ್ಲೆಯ ಕಪ್ಪು ಅಲ್ಲಲ್ಲಿ ಸುಲಿದುಹೋಗಿದ್ದರಿಂದ ಅಂಕಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಆದರೆ ಒಮ್ಮೆಯೂ ಸೊನ್ನೆಗೆ ಬರಲಿಲ್ಲ. ಆ ಕಪ್ಪಿಗೆ ಜೀವ ಇತ್ತು. ಲೋಹವನ್ನು ಕೂದಲೆಳೆಯಷ್ಟು ತಿನ್ನುತ್ತ, ವರ್ಷಕ್ಕೊಮ್ಮೆ ಅಪ್ಪ ಬಂದು ಅಂಗೈಯಿಂದ ತಿಕ್ಕುವ ಶೇಂಗಾ ಎಣ್ಣೆ ಕುಡಿಯುತ್ತ, ಅದು ಆರು ವರ್ಷ ಸೊನ್ನೆ ಎಂಬ ಹೆಸರಿನಲ್ಲಿ ಬೆಳೆದಿತ್ತು. ತನಗಿಂತ ಕೆಳಗಿದ್ದ ಜೀವವನ್ನೆಲ್ಲ ಈ ಬಿಲ್ಲೆ ಸೊನ್ನೆ ಎಂದು ನುಂಗಿಹಾಕಿತ್ತು. ಮಾಣಿಕಪ್ಪ ಎಷ್ಟರಲ್ಲಿದ್ದ?

ಆಸ್ಪತ್ರೆಗೆ ಫೋನ್ ಮಾಡಿ ಡಾಕ್ಟರ್ ನವಲೆಯವರಿಗೆ ಎಲ್ಲ ಹೇಳಿದಳು. ನವಲೆ ಕೆಟ್ಟ ಮನುಷ್ಯರಲ್ಲ, ಕೇಳಿಸಿಕೊಂಡರು. ಐದರಿಂದ ಹದಿಮೂರಕ್ಕೆ ಕುಣಿಯುವ ಅಂಕಿಯನ್ನು ಹಿಡಿದುಕೊಂಡು ಕಾನೂನನ್ನು ತಡೆಯಲಾಗದು, ಯಂತ್ರಕ್ಕಾಗಿ ಕಾಯುತ್ತಿರುವವರು ವಾರ್ಡಿನ ಬಾಗಿಲಲ್ಲೇ ಕೂತಿದ್ದಾರೆ, ಒಂದು ಕಡೆ ನಿಲ್ಲುವ ಅಂಕಿ ನಾಲ್ಕರೊಳಗೆ ತಂದುಕೊಟ್ಟರೆ ಮುಂದಿನದು ತಮ್ಮ ಜವಾಬ್ದಾರಿ ಎಂದರು. ಆಗ ಒಂದೂಕಾಲು ಆಗಿತ್ತು. ಬಂಡೆಪ್ಪ ಬೆಂಚಿನ ಮೇಲೆ ಇನ್ನೂ ಕೂತಿದ್ದ. ಅವನ ಜೋಳ ಬದುಕಿದೆ ಎಂದು ಹೇಳಿ, ಬೇರೇನೂ ಹೇಳದೆ ಅವಳು ಮಾಪಕದ ಪೆಟ್ಟಿಗೆ ಹಿಡಿದು ಆಟೋ ಹತ್ತಿದಳು.

ಅವಳ ಅಪ್ಪ ವೀರಶೆಟ್ಟಿಯ ಕಾರ್ಖಾನೆ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ. ಎಪ್ಪತ್ತರ ಮುದುಕ, ಆದರೂ ಇಬ್ಬರು ಕುಶಲಕರ್ಮಿಗಳ ಮೇಲೆ ದಿನವಿಡೀ ರೇಗಾಡುವಷ್ಟು ಕಸುವು ಇತ್ತು. ಮಣ್ಣು ಆರಿಸುವ ಕೆಲಸವನ್ನು ಮಾತ್ರ ಅವನು ಯಾರಿಗೂ ಬಿಟ್ಟವನಲ್ಲ. ಬಿಸಿಲು ಮಳೆ ಕಾಣದೆ ನೂರಾರು ವರ್ಷ ಕತ್ತಲಲ್ಲಿದ್ದ ಕೋಟೆಯ ಮೂಲೆಯ ಮಣ್ಣನ್ನು ನಾಲಿಗೆಯ ತುದಿಗಿಟ್ಟು, ಕಣ್ಣು ಮುಚ್ಚಿ, ಇದು ಕಪ್ಪು ಹಿಡಿಯುತ್ತದೆ, ಇದು ಹಿಡಿಯುವುದಿಲ್ಲ ಎಂದು ಹೇಳುತ್ತಿದ್ದ. ಅವನ ಅಪ್ಪನೂ ಹಾಗೆಯೇ ಹೇಳುತ್ತಿದ್ದ. ಜಗದೇವಿ ಹೋದಾಗ ಅವನು ಒಂದು ಹುಕ್ಕಾದ ಬುಡಕ್ಕೆ ಬೆಳ್ಳಿಯ ತಂತಿ ಕೂರಿಸುತ್ತಿದ್ದ. ಅಳಿಯನ ಸುದ್ದಿ ಕೇಳಲು ತಲೆ ಎತ್ತಿದ. ಅವಳು ಸುದ್ದಿ ಹೇಳದೆ, ಬಿಲ್ಲೆಯ ಮಣ್ಣು ಸುಟ್ಟಿದ್ದೆಯೋ ಇಲ್ಲವೋ ಎಂದು ನೇರವಾಗಿ ಕೇಳಿದಳು.

ವೀರಶೆಟ್ಟಿ ಉಳಿಯನ್ನು ಕೆಳಗಿಟ್ಟ. “ಮೊದಲನೇ ಸಲ ಸುಟ್ಟಿದ್ದೆ ಅವ್ವಿ. ಸುಟ್ಟ ಮಣ್ಣು ಕರಿ ಹಿಡಿಯಂಗಿಲ್ಲ, ಬೂದಿ ಬಣ್ಣ ಬರ್ತದ. ಬೂದಿ ಬಣ್ಣದ ಮಾಲು ನನ್ನ ಹೆಸರಿಲೆ ಹ್ಯಾಂಗ ಕೊಡ್ಲಿ?”

“ಸುಟ್ಟೀನಿ ಅಂತ ಕಾಗದದಾಗ ಅದ. ಅದಕ್ಕ ನಾ ಸಹಿ ಮಾಡೀನಿ.”

“ನೀ ಕೇಳ್ಲಿಲ್ಲ, ನಾ ಹೇಳ್ಲಿಲ್ಲ,” ಎಂದ ವೀರಶೆಟ್ಟಿ.

ನಿಜ ಅಷ್ಟೇ ಆಗಿತ್ತು. ಬೇರೆ ಯಾರೇ ಆಗಿದ್ದರೂ ಜಗದೇವಿ ಭಟ್ಟಿಯ ದಾಖಲೆ ಕೇಳುತ್ತಿದ್ದಳು, ಒಂದು ಚಿಟಿಕೆ ಮಣ್ಣನ್ನಾದರೂ ಪರೀಕ್ಷೆಗೆ ಕಳಿಸುತ್ತಿದ್ದಳು. ಅಪ್ಪನ ಮಾಲಿಗೆ ಹಾಗೆಲ್ಲ ಕೇಳಿದರೆ ಅವನಿಗೆ ಅವಮಾನವಾಗುತ್ತದೆ ಎಂದು ಕಣ್ಣು ಮುಚ್ಚಿ ಸಹಿ ಹಾಕಿದ್ದಳು. ಅವನಿಗೂ ಮೋಸ ಮಾಡುವ ಮನಸ್ಸಿರಲಿಲ್ಲ. ಕಪ್ಪಾಗದ ಬಿದರಿ ಬಿದರಿಯೇ ಅಲ್ಲ ಎಂದು ಓಣಿಯ ಯಾವ ಉಸ್ತಾದನನ್ನು ಕೇಳಿದರೂ ಹೇಳುತ್ತಿದ್ದ. ಸಮಿತಿಯವರಿಗೆ ಬೇಕಾಗಿದ್ದುದು ಸತ್ತ ಕಪ್ಪು, ಅವನಿಗೆ ಗೊತ್ತಿದ್ದುದು ಒಳ್ಳೆಯ ಕಪ್ಪು.

ಜಗದೇವಿ ಬಿಲ್ಲೆಯೊಳಗಿನ ಜೀವವನ್ನೂ ಮಾಣಿಕಪ್ಪನ ಮೂರು ಸೊನ್ನೆಗಳನ್ನೂ ಹೇಳಿದಳು. ಮುದುಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹುಕ್ಕಾವನ್ನು ಪಕ್ಕಕ್ಕೆ ಸರಿಸಿದ. ಹಬ್ಬಕ್ಕೊಮ್ಮೆ ಬಂದು ಕಾರ್ಖಾನೆಯ ವಯರಿಂಗನ್ನೆಲ್ಲ ಬಿಡಿಗಾಸು ಮುಟ್ಟದೆ ಸರಿಮಾಡಿ ಹೋಗುವ ಅಳಿಯ ಎಂದರೆ ಅವನಿಗೆ ಜೀವ. ಎಷ್ಟು ಹೊತ್ತು ಉಳಿದಿದೆ ಎಂದು ಮಾತ್ರ ಕೇಳಿದ. ಎರಡು ತಾಸು ಎಂದಳು. ಕೋಟೆಯ ಮಣ್ಣು ಮುಟ್ಟದ ಹೊಸ ಬಿಲ್ಲೆ, ಬರೀ ಲೋಹದ್ದು, ಮುಖ ಎಲ್ಲ ಕಡೆ ಸಮನಾಗಿರುವುದು, ಭಟ್ಟಿಯಿಂದ ಈಗಷ್ಟೇ ಹೊರಬಂದದ್ದು ಬೇಕು ಎಂದಳು. ಕರಗಿದ ಸತುವಿನಲ್ಲಿ ಯಾವುದೂ ಬದುಕಿರುವುದಿಲ್ಲ.

ಅವನು ತಾನೇ ಎದ್ದು ತಿದಿ ಒತ್ತಿದ. ಅಚ್ಚು ಬಿಗಿದು, ಲೋಹ ಎರೆದು, ಒಡೆದು ತೆಗೆದು, ಚರಕಿ ಎಂಬ ತಿರುಗಣಿಗೆ ಹಾಕಿ ಮುಖ ಸಮ ಮಾಡುವ ಹೊತ್ತಿಗೆ ಮೂರೂವರೆ ದಾಟಿತ್ತು. ಬಿಳಿ ಬಿಲ್ಲೆ ಕೈಯಲ್ಲಿ ಹೊಳೆಯಿತು. ಐವತ್ತು ವರ್ಷದ ಅಭ್ಯಾಸ, ಅವನ ಎಡಗೈ ತಾನಾಗಿಯೇ ಎಣ್ಣೆಯ ಬಟ್ಟಲಿಗೆ ಹೋಯಿತು. ಜಗದೇವಿ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಅವಳು ಅಪ್ಪನ ಕೈ ತಡೆದದ್ದು ಅದೇ ಮೊದಲು. ಅವನು ಎಣ್ಣೆ ಮುಟ್ಟದೆ, ಬಿಲ್ಲೆಯನ್ನು ಬಿಸಿನೀರಿನಲ್ಲಿ ಕುದಿಸಿದ ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟ. ಕಪ್ಪಾಗದ ಮಾಲು ಆ ಕಾರ್ಖಾನೆಯಿಂದ ಹೊರಗೆ ಹೋದದ್ದೂ ಅದೇ ಮೊದಲು.

ಅವಳು ವಾರ್ಡಿಗೆ ಓಡಿ ಬಂದಾಗ ನಾಲ್ಕಕ್ಕೆ ಆರು ನಿಮಿಷವಿತ್ತು. ಮಾಣಿಕಪ್ಪನ ಹಾಸಿಗೆಯ ಸುತ್ತ ಪರದೆ ಎಳೆದಾಗಿತ್ತು. ನರ್ಸೊಬ್ಬಳು ಅವನ ಕೆನ್ನೆಯ ಮೇಲಿನ ಪಟ್ಟಿ ಬಿಚ್ಚುತ್ತಿದ್ದಳು. ನವಲೆ ನರ್ಸನ್ನು ನಿಲ್ಲಿಸಿ, ಮೊದಲು ಕಪ್ಪು ಬಿಲ್ಲೆಯಲ್ಲೇ ನೋಡಿದರು. ಸೊನ್ನೆ. ಜಗದೇವಿ ಬಿಳಿ ಬಿಲ್ಲೆಯನ್ನು ಮಾಪಕಕ್ಕೆ ಕೂರಿಸಿದಳು. ತಂತಿಯನ್ನು ಗಂಡನ ಎದೆಗೆ ಹಚ್ಚಿ, ಅಂಕಿ ನೋಡಲಾರದೆ ಅವನ ಮುಖ ನೋಡಿದಳು.

“ಏಳು,” ಎಂದರು ನವಲೆ.

ಇನ್ನೊಮ್ಮೆ ನೋಡಿದರು, ಮತ್ತೂ ಒಮ್ಮೆ ನೋಡಿದರು. ಪ್ರತಿ ಸಲವೂ ಏಳೇ ಬಂತು. ಅನುಮಾನಕ್ಕೆ ಅದೇ ತಂತಿಯನ್ನು ಮಂಚದ ಕಬ್ಬಿಣಕ್ಕೆ ಹಚ್ಚಿದರು, ಸೊನ್ನೆ ಬಂತು. ಕಪ್ಪು ಬಿಲ್ಲೆಗೆ ಹಚ್ಚಿದರು, ಒಂಬತ್ತು ಬಂದು ನಿಂತಿತು. ಆರು ವರ್ಷ ಜಡದ ಗುರುತಾಗಿ ಕೂತಿದ್ದ ಲೋಹದ ಚೂರು ಮಾಣಿಕಪ್ಪನಿಗಿಂತ ಎರಡು ಅಂಕಿ ಹೆಚ್ಚು ಬದುಕಿತ್ತು. ಜಗದೇವಿ ನೆಲದ ಮೇಲೆಯೇ ಕೂತು ಗಂಡನ ಪಾದ ಹಿಡಿದುಕೊಂಡು ಜೋರಾಗಿ ಅತ್ತಳು. ಇಷ್ಟು ದಿನ ಅಳದೆ ಉಳಿಸಿಕೊಂಡದ್ದೆಲ್ಲ ಒಟ್ಟಿಗೇ ಬಂತು.

ನವಲೆ ಪಟ್ಟಿಯನ್ನು ಮತ್ತೆ ಅಂಟಿಸಲು ನರ್ಸಿಗೆ ಹೇಳಿದರು. ಕಾಯುತ್ತಿದ್ದ ರೋಗಿಯನ್ನು ಬೇರೆ ಆಸ್ಪತ್ರೆಗೆ ಕಳಿಸಲು ಆಂಬುಲೆನ್ಸಿಗೆ ಫೋನ್ ಮಾಡಿದರು. ಆಮೇಲೆ ಮೂಲೆಯ ಸ್ಟೂಲಿನ ಮೇಲೆ ಕೂತರು. ಎದ್ದು ಹೋಗಬೇಕಾದ ಕೆಲಸಗಳಿದ್ದರೂ ಏಳಲಿಲ್ಲ.

“ನಾನು ಮುನ್ನೂರಾ ಹದಿನೇಳು ಮಂದೀದು ಮಷಿನ್ ಕಳಚೀನಿ ಜಗದೇವಿ,” ಎಂದರು. “ಈ ಒಂದೇ ವಾರ್ಡಿನಾಗ.”

ಜಗದೇವಿಯ ಅಳು ಅಲ್ಲಿಗೇ ನಿಂತಿತು. ಮುನ್ನೂರಾ ಹದಿನೇಳು ಈ ವಾರ್ಡಿನ ಲೆಕ್ಕ. ಅಪ್ಪನ ಬಿಲ್ಲೆಗಳು ದೇಶದ ತುಂಬ ಇದ್ದವು. ಕಪ್ಪು ವರ್ಷ ವರ್ಷ ಬೆಳೆದಿರುವುದರಿಂದ ಯಾವ ದಿನ ಯಾವ ಬಿಲ್ಲೆಯ ಸೊನ್ನೆ ಎಷ್ಟಿತ್ತು ಎಂದು ಇನ್ನು ಯಾರೂ ಹೇಳಲಾರರು. ಅಷ್ಟು ಜನರಲ್ಲಿ ಹೋಗಿಯೇ ಬಿಟ್ಟಿದ್ದವರು ಯಾರು, ಇದ್ದವರು ಯಾರು? ತಲೆ ಎತ್ತಿದಾಗ ಪರದೆಯ ಸಂದಿಯಲ್ಲಿ ಎಸ್ತರಮ್ಮ ನಿಂತಿದ್ದರು.

ಜಹೀರಾಬಾದಿನಿಂದ ದೊಡ್ಡ ಮಗ ಗಾಡಿ ತರುವವರೆಗೆ ರೂತಳ ದೇಹವನ್ನು ಕೆಳಗಿನ ಕೋಣೆಯಲ್ಲಿ ಇಟ್ಟಿದ್ದರು. ನಾಲ್ಕಾಯಿತಲ್ಲ, ಜಗದೇವಿ ಒಬ್ಬಳೇ ಇರುತ್ತಾಳೆ, ಬೆಳಿಗ್ಗೆ ಅವಳು ತನ್ನ ಜೊತೆ ನಿಂತ ಹಾಗೆ ಈಗ ತಾನು ಅವಳ ಜೊತೆ ನಿಲ್ಲಬೇಕು ಎಂದು ಎಸ್ತರಮ್ಮ ಮೆಟ್ಟಿಲು ಹತ್ತಿ ಬಂದಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೂಗಲಿಲ್ಲ, ಯಾರನ್ನೂ ಬೈಯಲಿಲ್ಲ. ಆ ಬಿಳಿ ಬಿಲ್ಲೆ ಹಾಕಿ ತನ್ನ ಮಗಳನ್ನೂ ನೋಡಬೇಕೆಂದು ಕೇಳಿದರು. ನೋಡಿ ಏನೂ ಆಗುವುದಿಲ್ಲ ಎಂದು ನವಲೆ ಮೆಲ್ಲಗೆ ಹೇಳತೊಡಗಿದರು. ಜಗದೇವಿ ಮಾತ್ರ ಮಾಪಕ ಎತ್ತಿಕೊಂಡು ಎದ್ದಳು. ಬೇಡ ಎನ್ನುವ ಮುಖ ಅವಳಿಗೆ ಇರಲಿಲ್ಲ.

ಕೆಳಗಿನ ಕೋಣೆಯಲ್ಲಿ ಫಿನಾಯಿಲಿನ ವಾಸನೆ ತುಂಬಿತ್ತು. ರೂತಳ ಕೂದಲನ್ನು ಬಾಚಿ ಜಡೆ ಹಾಕಿದ್ದರು. ಜಗದೇವಿ ತಂತಿ ಹಚ್ಚಿದಳು. ಸೊನ್ನೆ ಬಂತು. ಎಷ್ಟು ಹೊತ್ತು ಕಾದರೂ ಸೊನ್ನೆಯೇ ಉಳಿಯಿತು, ಈ ಸಲ ನಿಜವಾದದ್ದು. ಎಸ್ತರಮ್ಮ ಪರದೆಯ ಅಂಕಿಯನ್ನು ಬಹಳ ಹೊತ್ತು ನೋಡಿದರು.

“ಈಗಿಂದು ಗೊತ್ತಾಯ್ತು,” ಎಂದರು. “ಮುಂಜಾನಿ ಹತ್ತಕ್ಕ ಎಷ್ಟಿತ್ತು?”

ಆಗಲೂ ಸೊನ್ನೆಯೇ ಇತ್ತು ಎಂದುಬಿಡಬಹುದಾಗಿತ್ತು. ಆ ಒಂದು ಸುಳ್ಳಿನಿಂದ ಎಸ್ತರಮ್ಮ ರಾತ್ರಿ ನಿದ್ದೆ ಮಾಡಿಯಾರು. ಮಾತು ಜಗದೇವಿಯ ನಾಲಿಗೆಯವರೆಗೆ ಬಂತು. ಆದರೆ ಆರು ವರ್ಷ ಬಿಲ್ಲೆಯನ್ನು ನಂಬಿ ಎಷ್ಟೋ ತಾಯಂದಿರಿಗೆ ಅದನ್ನೇ ಹೇಳಿದ್ದಳಲ್ಲ, ಇನ್ನೊಮ್ಮೆ ತಿಳಿದೂ ತಿಳಿದೂ ಹೇಳುವುದು ಅವಳಿಂದ ಆಗಲಿಲ್ಲ.

“ಸೊನ್ನಿ ಇರಬಹುದು ಅಕ್ಕಾ, ಒಂಬತ್ತೂ ಇರಬಹುದು. ನನಗ ಗೊತ್ತಿಲ್ಲ.”

ಎಸ್ತರಮ್ಮ ತಲೆಯಾಡಿಸಿದರು. “ಆಕಿ ಕೈ ಬೆಚ್ಚಗದ ಅಂತ ನಾ ಅಂದೆ. ಅದು ಮಷಿನಿನ ಬಿಸಿ, ಆಕೀದಲ್ಲ ಅಂತ ನೀ ಅಂದಿ. ನೀ ಅಂದಿ ಅಂತ ನಾ ಕೈ ಬಿಟ್ಟೆ.”

ಎಸ್ತರಮ್ಮ ಜಗದೇವಿಯ ಬಲಗೈ ಹಿಡಿದು ರೂತಳ ಅಂಗೈ ಮೇಲಿಟ್ಟು, ತಮ್ಮ ಕೈಯನ್ನು ಮೇಲೆ ಒತ್ತಿ ಹಿಡಿದರು. ಅಂಗೈ ತಣ್ಣಗಿತ್ತು. ಹೊರಗೆ ಮಗನ ಗಾಡಿ ಬಂದು ನಿಂತ ಸದ್ದಾಯಿತು, ಯಾರೋ ಬಾಗಿಲು ತಟ್ಟಿದರು. ಎಸ್ತರಮ್ಮ ಕೈ ತೆಗೆಯಲಿಲ್ಲ, ಜಗದೇವಿಯನ್ನೂ ತೆಗೆಯಗೊಡಲಿಲ್ಲ.